ಫೂಫಿಯ ಬಚ್ಚಲ ಪಹರೆ

ನೀವು ನಂಬುವುದಿಲ್ಲ, ಗೊತ್ತು. ಆದರೂ ಹೇಳುತ್ತೇನೆ: ಇಡೀ ಸಿಂದಗಿಯಲ್ಲಿ ಬಚ್ಚಲಿಗೆ ಪಹರೆ ಇದ್ದ ಮನೆ ನಮ್ಮದೊಂದೇ! ಕಾಯುವವಳು ನಮ್ಮ ಫೂಫಿ, ಅಂದರೆ ಅಬ್ಬಾನ ಅಕ್ಕ. ಬಕ್ರೀದ್ ಬಂತೆಂದರೆ ಬಚ್ಚಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತುಬಿಡುತ್ತಿದ್ದಳು. ಮಾಂಸ ಬೇಯಿಸಿದ ದೊಡ್ಡ ಪಾತ್ರೆಯ, ಆ ಡೇಗಿನ ಜಿಡ್ಡು ಒಂದು ತೊಟ್ಟೂ ಒಳಗೆ ಹೋಗುವಂತಿಲ್ಲ.

ಯಾಕೆ? ನಮ್ಮ ಬಚ್ಚಲ ನೀರು ಓಣಿಯ ಗಟಾರಕ್ಕೆ ಹೋಗುತ್ತಿತ್ತು. ಗಟಾರದ ಮಗ್ಗುಲಲ್ಲೇ ನೆರೆಮನೆ ಗೌಡರ ಹಗೇವು. ನೆಲದಡಿಯ ಆ ಕಣಜದಲ್ಲಿ ಅವರ ವರ್ಷದ ಜೋಳ. ಚರಬಿ ಕಟ್ಟಿ ನೀರು ಉಕ್ಕಿದರೆ ಜೋಳವೆಲ್ಲ ಕೊಳೆತಂತೆಯೇ!

ಹಾಗಾದರೆ ಜಿಡ್ಡು ಎಲ್ಲಿಗೆ ಹೋಗಬೇಕು? ರೊಟ್ಟಿಯಿಂದ ಡೇಗು ಒರೆಸಿ ನಮಗೇ ತಿನ್ನಿಸುತ್ತಿದ್ದಳು. ಮಿಕ್ಕದ್ದಕ್ಕೆ ಒಲೆಯ ಬೂದಿ ಸುರಿದು, ಉಂಡೆ ಕಟ್ಟಿ, ತಿಪ್ಪೆಗೆ. ಸೋಸಿಟ್ಟ ಚರಬಿ ಚಕ್ಕಡಿಯ ಅಚ್ಚಿಗೆ. ಒಮ್ಮೆ ಉಮೇದು ಹೆಚ್ಚಾಗಿ ಅಬ್ಬಾನ ಹೊಸ ಚಪ್ಪಲಿಗೂ ಬಳಿದಳು. ಚಪ್ಪಲಿ ಹೂವಿನಂತೆ ಮೆತ್ತಗಾಯಿತು, ಸುಳ್ಳಲ್ಲ. ಆದರೆ ಅಬ್ಬಾ ಪೇಟೆಗೆ ಹೊರಟರೆ, ಪಕ್ಕದೂರು ಯಂಕಂಚಿಯ ತನಕದ ನಾಯಿಗಳೆಲ್ಲ ಹಿಂದೆ ಮೆರವಣಿಗೆ! ಬರಿಗಾಲಲ್ಲಿ ಮನೆಗೆ ಬಂದರು.

"ಆಪಾ, ನನ್ನ ಚಪ್ಪಲ್ ನಾಯಿ ತಿಂದ್ವಲ್ಲಾ!"

"ತಿನ್ಲಿ ಬಿಡೋ ತಮ್ಮಾ. ಬಚ್ಚಲಕ್ಕಂತೂ ಹೋಗಲಿಲ್ಲಲ್ಲ!"

ಇಂಥ ಮನೆಗೆ ಒಂದು ಬಕ್ರೀದಿಗೆ ತಾಳಿಕೋಟೆಯಿಂದ ಅಮ್ಮನ ಅಣ್ಣ, ನಮ್ಮ ಮಾಮು ಬಂದ. ಜಾಣತನ ಮೈತುಂಬ! ಫೂಫಿ ನಮಾಜಿಗೆ ಎದ್ದದ್ದೇ ತಡ, ಡೇಗುಗಳಿಗೆಲ್ಲ ಕುದಿನೀರು ಹೊಯ್ದು ಬಚ್ಚಲಿಗೆ ಸುರಿದುಬಿಟ್ಟ.

"ಇದೇನ್ ಮಾಡಿದ್ರಿ ಭಾಯಿ?" ಫೂಫಿ ಕಿರುಚಿದಳು.

"ಬಿಸಿನೀರಿಗೆ ಎಲ್ಲಾ ಕರಗಿ ಹೋಗತೈತಿ, ಆಪಾ."

"ಎಲ್ಲಿ ತನಕಾ? ಗಟಾರದಾಗೂ ಒಲಿ ಹಚ್ಚಿ ಬಂದೀರೇನು?"

ಮರುದಿನ ಬೆಳಿಗ್ಗೆ ಎದ್ದರೆ ಮಾಮು ಮೊದಲ ಬಸ್ಸು ಹಿಡಿದು ಮಾಯ! ಗೌಡರ ಬಾಗಿಲ ಮುಂದಿನ ಹಾಸುಗಲ್ಲಿನ ಕೆಳಗೆ ಚರಬಿ ಗಟ್ಟಿಯಾಗಿ, ಗಟಾರ ಉಕ್ಕಿ, ನೀರು ಹಗೇವಿನ ಬಾಯಿಯತ್ತ ತೆವಳುತ್ತಿತ್ತು. ಫೂಫಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಭುಜದವರೆಗೆ ಕೈ ತೂರಿಸಿ, ಎಮ್ಮೆಯ ಹೆರಿಗೆ ಮಾಡಿಸುವವಳ ಹಾಗೆ ಎಳೆಯತೊಡಗಿದಳು. ಓಣಿಯೆಲ್ಲ ಸೇರಿತು. ಇಂಥ ಸಂದರ್ಭದಲ್ಲಿ ನಾನು ಸುಮ್ಮನಿರುವುದುಂಟೇ?

"ಬಂತು, ಬಂತು! ಎಮ್ಮೀ ಕರದ ತಲಿ ಬಂತು!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಆಗ ಅಬ್ಬಾ ಬಂದರು, ಹಬ್ಬಕ್ಕೆ ಹೊಲಿಸಿದ ಬಿಳಿ ಅಂಗಿಯಲ್ಲಿ. ಅವರು ಯಾರನ್ನೂ ನೋಡಲಿಲ್ಲ. ಅಕ್ಕನ ಪಕ್ಕ ಕೂತು ಅದೇ ಗಟಾರಕ್ಕೆ ಕೈ ಹಾಕಿದರು.

"ಏ, ಹೊಸಾ ಅಂಗಿ ಕೆಡತೈತೋ!"

"ಅಂಗಿ ಒಗೀಬಹುದು, ಆಪಾ. ತೊಯ್ದ ಜ್ವಾಳ ಏನ್ ಮಾಡೂದು?"

ನಗು ನಿಂತಿತು. ಇಬ್ಬರೂ ಒಟ್ಟಿಗೆ ಜಗ್ಗಿದರು, ಚರಬಿಯ ಗಡ್ಡೆ ಕಿತ್ತು ಬಂತು. ಹಗೇವಿನ ಅಂಚು ಮುಟ್ಟಲಿದ್ದ ನೀರು ಗುಳುಗುಳು ಎಂದು ಹಿಂದೆ ಸರಿಯಿತು. ಅಬ್ಬಾ ಅಂಗಿಯ ಒದ್ದೆಯಾಗದ ಇನ್ನೊಂದು ತೋಳಿನಿಂದ, ತಮ್ಮ ಅಕ್ಕನ ಹಣೆಯ ಬೆವರನ್ನು ಮೆಲ್ಲಗೆ ಒರೆಸಿದರು.