ಷಡ್ಡಕನ ಜಾಣ ಗಾಜು

ಊರಿಗೆಲ್ಲ ಬೆಳಗಾದಾಗ ಬ್ರೆಡ್ಡಣ್ಣನಿಗೆ ರಾತ್ರಿಯಾಗುತ್ತಿತ್ತು. ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ನಿಂತು ಬ್ರೆಡ್ಡು ಬೇಯಿಸಿ, ಬೆಳಗ್ಗೆ ಮನೆಗೆ ಬಂದು ಹಾಸಿಗೆಗೆ ಬೀಳುವುದು ಅವನ ಕ್ರಮ. ಅವನು ಬೀಳುವುದನ್ನೇ ಕಾಯುತ್ತಿದ್ದವನ ಹಾಗೆ ಸೂರ್ಯನೂ ಬೀದಿ ಕಡೆಯ ಕಿಟಕಿಯಿಂದ ನುಗ್ಗಿ, ಕರೆಯದೆ ಬಂದ ನೆಂಟನಂತೆ ಸಂಜೆಯವರೆಗೂ ಜಾಗ ಬಿಟ್ಟು ಕದಲುತ್ತಿರಲಿಲ್ಲ. ದಪ್ಪ ಪರದೆ ಹಾಕಿ ನೋಡಿದ. ಕೋಣೆ ಧಗೆಯಲ್ಲಿ ಬೆಂದು, ಮನೆಗೂ ಬೇಕರಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ಹಗಲು ನಿದ್ದೆ ಕೆಟ್ಟರೆ ರಾತ್ರಿ ಕೆಲಸ ಕೆಡಬೇಕಲ್ಲ, ಕೆಟ್ಟಿತು. ಕಳೆದ ವಾರ ನಿಂತಲ್ಲೇ ತೂಕಡಿಸಿ ಒಂದು ತಟ್ಟೆ ಬನ್ನು ಪೂರಾ ಇದ್ದಿಲು ಮಾಡಿದ್ದ. ಬೇಕರಿಯ ಯಜಮಾನರು ಅದರಲ್ಲೊಂದನ್ನು ಎತ್ತಿ ಮೇಜಿಗೆ ಕುಟ್ಟಿ, "ಇನ್ನೊಂದ್ಸಲ ಹೀಗಾದ್ರೆ ಮನೇಲೇ ಮಲ್ಕೊಂಡಿರು, ಇಲ್ಲಿಗೆ ಬರೋದೇ ಬೇಡ" ಎಂದಿದ್ದರು. ಮನೆಯಲ್ಲಿ ಮಲಗಲು ಆಗದ್ದೇ ತನ್ನ ತೊಂದರೆ ಎಂದು ಅವರಿಗೆ ಬಿಡಿಸಿ ಹೇಳುವ ಧೈರ್ಯ ಪಾಪ ಅವನಿಗೆ ಬರಲಿಲ್ಲ.

ಈ ಸುದ್ದಿ ಹೆಂಡತಿಯ ಮೂಲಕ ಅವಳ ತಂಗಿಗೆ, ತಂಗಿಯ ಮೂಲಕ ಅವಳ ಗಂಡನಿಗೆ ತಲುಪಿತು. ಈ ಷಡ್ಡಕ ಮಾತಿನಲ್ಲೇ ಮಂಟಪ ಕಟ್ಟುವ ಆಸಾಮಿ. ಈಗ ಹೊಸದಾಗಿ ಜಾಣ ಗಾಜಿನ ಕಂಪನಿ ಸೇರಿದ್ದ. ಮರುದಿನ ಬ್ರೆಡ್ಡಣ್ಣ ಕೆಲಸ ಮುಗಿಸಿ ಬರುವಷ್ಟರಲ್ಲಿ ಹಳೆಯ ಗಾಜು ಗೋಡೆಗೆ ಒರಗಿತ್ತು, ಹೊಸದು ಕಿಟಕಿಯಲ್ಲಿ ಕೂತಿತ್ತು.

"ನೋಡಿ ಭಾವ!" ಎಂದು ಷಡ್ಡಕ ತನ್ನ ಫೋನನ್ನು ಒತ್ತಿದ. ಗಾಜು ಮೆಲ್ಲಗೆ ನೀಲಿಯಾಯಿತು, ಕಡುನೀಲಿಯಾಯಿತು. ಕೋಣೆಗೆ ಕತ್ತಲು ಕವಿಯಿತು. "ಇವತ್ತೊಂದಿನ ಮಲಗಿ ನೋಡಿ. ಸಾಯಂಕಾಲದೊಳಗೆ ಬಂದು ಕೇಳ್ತೀನಿ. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಬಲವಂತ ಏನಿಲ್ಲ, ನಾವೇನು ಹೊರಗಿನವರಾ?"

ಬೆಲೆ ಕೇಳಿದಾಗ ಮಾತ್ರ ಬ್ರೆಡ್ಡಣ್ಣನ ಕಣ್ಣಿಗೆ ಇನ್ನೂ ಸ್ವಲ್ಪ ಕತ್ತಲು ಕವಿಯಿತು. ಆದರೂ ನಿದ್ದೆ ಬಂದರೆ ಕೆಲಸ ಉಳಿಯುತ್ತದೆ, ಕೆಲಸ ಉಳಿದರೆ ಗಾಜಿಗೂ ದಾರಿಯಾಗುತ್ತದೆ ಎಂದುಕೊಂಡು, ಷಡ್ಡಕ ಹೊರಟ ಮೇಲೆ ಕಾಲು ಚಾಚಿದ. ಅಹಾ! ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಮೊದಲ ಗೊರಕೆ ಮೂಗಿನ ತುದಿಗೆ ಬಂದಿತ್ತಷ್ಟೆ, ಮುಖಕ್ಕೆ ಬಿಸಿಲು ಬಡಿಯಿತು. ಎದ್ದು ಕೂತ. ಗಾಜು ನೀರಿನಷ್ಟು ತಿಳಿಯಾಗಿತ್ತು. ನೋಡುತ್ತಿದ್ದಂತೆ ಮತ್ತೆ ಕಪ್ಪಾಯಿತು. ಮಲಗಿದ. ಮತ್ತೆ ಬಿಸಿಲು.

ಷಡ್ಡಕನಿಗೆ ಫೋನು ಮಾಡಿದರೆ ಅವನು ಪಿಸುಗುಟ್ಟಿದ. "ಭಾವ, ಇಲ್ಲೊಬ್ಬರು ದೊಡ್ಡ ಗಿರಾಕಿಗೆ ತೋರಿಸ್ತಾ ಇದೀನಿ. ಅಲ್ಲಿನ ಗಾಜು ಇಲ್ಲಿನ ಗಾಜು ಎರಡೂ ಇದೊಂದೇ ಫೋನಿಗೆ ಜೋಡಣೆ ಆಗ್ಬಿಟ್ಟಿದೆ. ಸ್ವಲ್ಪ ಹೊಂದ್ಕೊಂಡು ಮಲ್ಕೊಳ್ಳಿ."

"ಹೊಂದ್ಕೊಂಡು ಅಂದ್ರೆ? ಅವರು ಹೂಂ ಅಂದಾಗ ನಿದ್ದೆ, ಊಹೂಂ ಅಂದಾಗ ಎಚ್ಚರವೇನಯ್ಯಾ?" ಎಂದು ಬ್ರೆಡ್ಡಣ್ಣ ಕೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಬಾಗಿಲಲ್ಲಿ ದಬದಬ ಸದ್ದಾಯಿತು. ಎದುರು ಮನೆಯ ನಿವೃತ್ತ ಹೆಡ್‌ಮಿಸ್ಸು, ಅವರ ಹಿಂದೆ ಕತ್ತರಿ ಹಿಡಿದ ಪಕ್ಕದಂಗಡಿಯ ಟೈಲರು. ಹೆಗಲಿಗೆ ಟವೆಲು ಹಾಕಿಕೊಂಡು ಬಾಗಿಲು ತೆಗೆದ ಬ್ರೆಡ್ಡಣ್ಣನನ್ನು ಕಂಡು ಮಿಸ್ಸು ಎದೆ ನೀವಿಕೊಂಡರು.

"ಬದುಕಿದ್ದೀಯೇನಪ್ಪಾ! ನಿನ್ನ ಕಿಟಕಿ ಆಗಿಂದ ಕಪ್ಪಾಗೋದು ತಿಳಿಯಾಗೋದು, ಕಪ್ಪಾಗೋದು ತಿಳಿಯಾಗೋದು ಮಾಡ್ತಿದೆ. ಯಾರೋ ಒಳಗೆ ಸಿಕ್ಕಿಹಾಕ್ಕೊಂಡು ಸನ್ನೆ ಮಾಡ್ತಿದ್ದಾರೆ ಅಂತ ಇವನನ್ನೂ ಎಳ್ಕೊಂಡು ಬಂದೆ."

"ಅದು ಜಾಣ ಗಾಜು ಮಿಸ್" ಎಂದು ಹೇಳಿದ್ದೇ ತಪ್ಪಾಯಿತು. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದು ಅವನ ಹಾಸಿಗೆಯ ಮೇಲೆಯೇ ಕೂತರು. ಗಾಜು ಕಪ್ಪಾದಾಗ ಮಿಸ್ಸು ಚಪ್ಪಾಳೆ ತಟ್ಟಿದರು. ತಿಳಿಯಾದಾಗ ಟೈಲರು "ಎಲಾ ಇವನ!" ಎಂದು ತೊಡೆ ತಟ್ಟಿದ. ಮುಂದೆ ಯಾವಾಗ ಕಪ್ಪಾಗುತ್ತದೆ ಎಂದು ಇಬ್ಬರಿಗೂ ಪಂಥವೇ ಬಿತ್ತು. ಬ್ರೆಡ್ಡಣ್ಣ ಹಾಸಿಗೆಯ ಮೂಲೆಯಲ್ಲಿ ಮುದುಡಿ ಕೂತು ಆಕಳಿಸಿದ.

"ನೀನು ಮಲ್ಕೋಪ್ಪಾ, ನಮಗೇನೂ ತೊಂದರೆ ಇಲ್ಲ" ಎಂದರು ಮಿಸ್ಸು, ಅವನ ದಿಂಬನ್ನು ತಮ್ಮ ಬೆನ್ನಿಗೆ ಕೊಟ್ಟುಕೊಂಡು.

ಅವರು ಊಟಕ್ಕೆ ಎದ್ದು ಹೋದ ಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಸಭೆ ಸೇರಿದರು.

"ರೀ, ತಪ್ಪು ತಿಳ್ಕೋಬೇಡಿ" ಎಂದು ಹೆಂಡತಿಯೇ ಶುರು ಮಾಡಿದಳು. "ನಂಗೆ ಆ ಗಾಜು ಬೇಡ. ತಂಗಿ ಮುನಿಸ್ಕೋತಾಳೆ ಅಂತ ಬಾಯಿ ಮುಚ್ಕೊಂಡಿದ್ದೆ."

"ಅಯ್ಯೋ, ನಿಂಗೆ ಬೇಕೇನೋ ಅಂತ ನಾನು ಸುಮ್ನಿದ್ದೆ ಕಣೇ!"

ಬ್ರೆಡ್ಡಣ್ಣನಿಗೆ ಎದೆಯ ಮೇಲಿನ ಹಿಟ್ಟಿನ ಮೂಟೆ ಇಳಿದ ಹಾಗಾಯಿತು. ಇಬ್ಬರೂ ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕರು. ಉಳಿದದ್ದು ಷಡ್ಡಕನಿಗೆ ಹೇಗೆ ಹೇಳುವುದೆಂಬ ಪ್ರಶ್ನೆ. ಗಾಜು ಸರಿಯಿಲ್ಲ ಎಂದರೆ ನೆಂಟಸ್ತನಕ್ಕೇ ಬಿರುಕು.

"ದುಡ್ಡಿಲ್ಲ ಅಂದ್ಬಿಡಿ. ಅದಕ್ಕೆ ಯಾರಿಗೂ ಬೇಜಾರಾಗಲ್ಲ" ಎಂದಳು ಹೆಂಡತಿ. ಅವಳ ಬುದ್ಧಿಗೆ ಬ್ರೆಡ್ಡಣ್ಣ ಮನಸ್ಸಿನಲ್ಲೇ ಕೈಮುಗಿದ.

ಅಷ್ಟರಲ್ಲೇ ಷಡ್ಡಕ ಬಂದ. "ಹೇಗಿದೆ ಭಾವ?"

"ಅದ್ಭುತ ಕಣಯ್ಯಾ! ಹುಟ್ಟಿದಾಗಿನಿಂದ ಇಂಥ ನಿದ್ದೆ ಮಾಡಿರಲಿಲ್ಲ" ಎಂದ ಬ್ರೆಡ್ಡಣ್ಣ, ಕೆಂಡದಂಥ ಕಣ್ಣು ಉಜ್ಜಿಕೊಳ್ಳುತ್ತ. "ಆದ್ರೆ ಏನ್ಮಾಡ್ಲಿ, ನಮ್ಮ ಹತ್ರ ದುಡ್ಡಿಲ್ವಲ್ಲ."

"ಅಷ್ಟೇ ತಾನೆ? ಬೇರೆ ಏನೂ ತೊಂದರೆ ಇಲ್ವಲ್ಲ?"

"ದೇವರಾಣೆಗೂ ಇಲ್ಲ!"

ಷಡ್ಡಕ ಸ್ವಲ್ಪ ಯೋಚಿಸಿ, "ಸರಿ ಬಿಡಿ ಭಾವ. ನೀವು ಮಲ್ಕೊಳ್ಳಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ.

ಅಬ್ಬ, ಗೆದ್ದೆ! ಸಾಲವೂ ಇಲ್ಲ, ಜಗಳವೂ ಇಲ್ಲ. ಷಡ್ಡಕ ಗಾಜು ಬಿಚ್ಚಿದರೆ ಬಿಚ್ಚಲಿ, ಬಿಸಿಲು ಬಂದರೆ ಬರಲಿ ಎಂದುಕೊಂಡು ಬ್ರೆಡ್ಡಣ್ಣ ಟವೆಲನ್ನು ಮುಖಕ್ಕೆಳೆದುಕೊಂಡ. ದಿಂಬಿಗೆ ತಲೆ ತಾಗಿದ್ದಷ್ಟೇ ಗೊತ್ತು. ಇಷ್ಟು ದಿನಗಳ ಬಾಕಿ ನಿದ್ದೆಯೆಲ್ಲ ಒಟ್ಟಿಗೆ ಬಂದು ಅವನನ್ನು ಹೊತ್ತುಕೊಂಡು ಹೋಯಿತು.

ಎಚ್ಚರವಾದಾಗ ಮೈ ಹೂವಿನಂತೆ ಹಗುರವಾಗಿತ್ತು. ಇವತ್ತು ಒಂದೇ ಒಂದು ಬನ್ನೂ ಸುಡುವುದಿಲ್ಲ ಎಂಬ ಖುಷಿಯಲ್ಲಿ ಮೈಮುರಿದು ಟವೆಲು ಸರಿಸಿದ.

ಕಿಟಕಿಯಲ್ಲಿ ಅದೇ ಗಾಜು ಕಡುನೀಲಿಯಾಗಿತ್ತು. ಹಾಸಿಗೆಯ ಸುತ್ತ ಮನೆಯ ಕುರ್ಚಿಗಳೆಲ್ಲ ಸಾಲಾಗಿದ್ದವು. ಅವುಗಳ ಮೇಲೆ ಗುರುತು ಪರಿಚಯವಿಲ್ಲದ ಐದಾರು ಮಂದಿ ಕೂತು ಅವನನ್ನೇ ನೋಡುತ್ತಿದ್ದರು. ಮುಂದಿನ ಕುರ್ಚಿಯಲ್ಲಿ ಹೆಡ್‌ಮಿಸ್ಸು. ಹೆಂಡತಿ ಬಾಗಿಲಲ್ಲಿ ನೀರಿನ ಲೋಟಗಳ ತಟ್ಟೆ ಹಿಡಿದು ಅಸಹಾಯಕಳಾಗಿ ನಿಂತಿದ್ದಳು.

"ನೋಡಿದ್ರಲ್ಲ!" ಷಡ್ಡಕ ಕೂಡಿದವರತ್ತ ತಿರುಗಿ ಹೆಮ್ಮೆಯಿಂದ ಹೇಳಿದ. "ಇಷ್ಟು ಜನ ಮಾತಾಡಿದ್ರೂ ಎಚ್ಚರ ಆಗ್ಲಿಲ್ಲ! ಭಾವ, ಕಂಪನಿಯೋರು ಒಪ್ಪಿದ್ರು. ಗಾಜು ನಿಮಗೆ ಪೂರ್ತಿ ಪುಕ್ಕಟೆ! ದಿನಾ ಹಗಲು ಗಿರಾಕಿಗಳನ್ನ ಕರ್ಕೊಂಡು ಬರ್ತೀನಿ. ನೀವೇನೂ ಮಾಡ್ಬೇಕಾಗಿಲ್ಲ, ಹೀಗೇ ಮಲ್ಕೊಂಡಿದ್ರಾಯ್ತು."

ಬ್ರೆಡ್ಡಣ್ಣ ಬಾಯಿ ತೆರೆದ. ದೇವರಾಣೆ ಹಾಕಿ ಆಗಿಹೋಗಿದ್ದರಿಂದ ಹಾಗೇ ಮುಚ್ಚಿದ.

ಹಿಂದಿನ ಸಾಲಿನಲ್ಲಿದ್ದ ದಪ್ಪ ಕನ್ನಡಕದ ಹೆಂಗಸು ಸಂಕೋಚದಿಂದ ಕೈಯೆತ್ತಿದರು. "ನಾವು ತಡವಾಗಿ ಬಂದ್ವಿ, ಸರಿಯಾಗಿ ನೋಡೋಕಾಗ್ಲಿಲ್ಲ. ಇನ್ನೊಂದ್ಸಲ ನಿದ್ದೆ ಮಾಡಿ ತೋರಿಸ್ತೀರಾ?"