ಮೂಗು ಕಟ್ಟಿದ ಬಿಯರ್ ತೀರ್ಪುಗಾರ

ಬಿಯರ್ ಕುಡಿಯುವವರು ಲೋಕದಲ್ಲಿ ಕೋಟಿಗಟ್ಟಲೆ ಇರಬಹುದು. ಆದರೆ ಬಿಯರನ್ನು ಬಲ್ಲವನು ಇಡೀ ಯಾಕಿಮಾ ಕಣಿವೆಗೆ ಒಬ್ಬನೇ, ಅದು ನಾನು! ಈ ವರ್ಷ ಅದನ್ನು ಊರಿಗೆಲ್ಲ ಸಾಬೀತು ಮಾಡಿಯೇ ತೀರುತ್ತೇನೆ ಎಂದು ಊಟದ ಮೇಜಿನ ಮುಂದೆ, ಕೈಯಲ್ಲಿ ಚಮಚ ಹಿಡಿದು, ಹೆಂಡತಿಯ ಎದುರು ಭೀಷ್ಮಪ್ರತಿಜ್ಞೆ ಮಾಡಿದೆ.

"ಮೊದಲು ಗರಾಜಲ್ಲಿರೋ ಖಾಲಿ ಡಬ್ಬಗಳನ್ನ ಎತ್ತಿ ಬಿಸಾಕು," ಎಂದಳು ನೊರೀನ್, ನನ್ನ ತಟ್ಟೆಗೆ ಬಟಾಣಿ ಸುರಿಯುತ್ತ.

ಖಾಲಿ ಡಬ್ಬಗಳಂತೆ! ಅದು ನನ್ನ ವಸ್ತುಸಂಗ್ರಹಾಲಯ. ಸುತ್ತಲಿನ ಸಣ್ಣಪುಟ್ಟ ಬಿಯರ್ ಕಾರ್ಖಾನೆಗಳ ಒಂದೊಂದು ಸರಕನ್ನೂ ನಾಲಿಗೆಯ ಮೇಲೆ ಹೊರಳಾಡಿಸಿ, ಐವತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಡಬ್ಬವನ್ನು ತೊಳೆದು ಗರಾಜಿನಲ್ಲಿ ಗೋಪುರ ಕಟ್ಟಿದ್ದೆ. ಗೋಪುರಕ್ಕೆ ಜಾಗ ಸಾಲದೆ ಕಾರು ಎರಡು ಚಳಿಗಾಲ ಹೊರಗೆ ಹಿಮದಲ್ಲಿ ನಿಂತಿತ್ತು ಎನ್ನುವುದು ಬೇರೆ ಮಾತು. ಹೊಟ್ಟೆಪಾಡಿಗೆ ನಾನು ಟ್ರ್ಯಾಕ್ಟರ್ ಟೈರ್ ಮಾರುತ್ತೇನೆ. ಆದರೆ ಶುಕ್ರವಾರ ಊರಿನ ಪತ್ರಿಕೆ ಬಂತೆಂದರೆ ನಾನು ಆರ್ಲೊ ಹಾಲ್ವರ್ಸನ್, ಬಿಯರ್ ಅಂಕಣಕಾರ! ನೊರೆಗೂ ನೊರೀನ್‌ಗೂ ನಡುವೆ ಹಂಚಿಹೋದ ಬಾಳು ನನ್ನದು.

ಪ್ರತಿಜ್ಞೆಗೆ ಕಾರಣವಿತ್ತು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಹೂವು ನಮ್ಮ ಕಣಿವೆಯ ಬೆಳೆ. ಸೆಪ್ಟೆಂಬರಿನಲ್ಲಿ ಅದರ ಸುಗ್ಗಿ ಹಬ್ಬ. ಹಬ್ಬದ ದೊಡ್ಡ ಡೇರೆಯಲ್ಲಿ ಒಂದೇ ಒಂದು ಕಾರ್ಖಾನೆಯ ಬಿಯರಿಗೆ ಜಾಗ. ಅದಕ್ಕಾಗಿ ಊರಿನ ಇಬ್ಬರು ಹಲ್ಲು ಮಸೆಯುತ್ತಿದ್ದರು. ಒಬ್ಬ ಎಫ್ರೇನ್, ಹಳೆಯ ಸೇಬಿನ ಗೋದಾಮಿನಲ್ಲಿ ಬಿಯರ್ ಮಾಡುವವನು. ಇನ್ನೊಬ್ಬಳು ಟ್ರೂಡಿ, ಅಪ್ಪನ ಹಾಲಿನ ಡೇರಿಯನ್ನೇ ಬಿಯರ್ ಕಾರ್ಖಾನೆ ಮಾಡಿಕೊಂಡವಳು. ಹೋದ ವರ್ಷ ಸಮಿತಿಯವರೆಲ್ಲ ಕೈಯೆತ್ತಿ ಆರಿಸಲು ಹೋಗಿ, ಎತ್ತಿದ ಕೈಗಳು ಪರಸ್ಪರರ ಕಾಲರಿಗೆ ಬಿದ್ದಿದ್ದವು. ಈ ಸಲ ಸಮಿತಿಯ ಅಧ್ಯಕ್ಷೆ ಮಿಸೆಸ್ ಓಡೆಗಾರ್ಡ್ ನನ್ನನ್ನು ಕರೆದು, "ಆರ್ಲೊ, ಒಬ್ಬನೇ ತೀರ್ಪುಗಾರ, ಕೊನೇ ಮಾತು ನಿನ್ನದೇ," ಎಂದರು. ಈಕೆ ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಇವತ್ತಿಗೂ ಅವರನ್ನು ಕಂಡರೆ ಅರ್ಧ ಊರು ಬಾಯಲ್ಲಿರುವ ಚೂಯಿಂಗ್ ಗಮ್ ನುಂಗಿಬಿಡುತ್ತದೆ.

ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಪರೀಕ್ಷೆ. ಇಬ್ಬರದೂ ಮೂರು ಮೂರು ಬಿಯರು. ಯಾವುದು ಯಾರದೆಂದು ನನಗೆ ತಿಳಿಯದಂತೆ ನೊರೀನ್ ಅಡುಗೆಮನೆಯಲ್ಲಿ ಗ್ಲಾಸಿಗೆ ಸುರಿದು ತರಬೇಕು.

ಶನಿವಾರ ಬೆಳಗ್ಗೆ ಎದ್ದೆ. ಕಾಫಿ ಮೂಸಿದೆ. ವಾಸನೆ ಇಲ್ಲ. ಬೇಕನ್ ಮೂಸಿದೆ. ಇಲ್ಲ! ಓಡಿಹೋಗಿ ನನ್ನ ಕಾಲುಚೀಲವನ್ನೇ ಮೂಸಿದೆ. ಹೂವಿನಂತೆ ನಿರಪರಾಧಿಯಾಗಿತ್ತು! ನೆಗಡಿ ನನ್ನ ಮೂಗಿಗೆ ಗೋಡೆ ಕಟ್ಟಿ, ಗಾರೆ ಮಾಡಿ, ಬಣ್ಣ ಹೊಡೆದು ಹೋಗಿತ್ತು.

"ದೊರೀದ್!" ಎಂದು ಕೂಗಿದೆ. "ದದ್ದ ಬೂಗು!"

"ದಡ್ಡ ಯಾರು ಅಂತ ನನಗೆ ಗೊತ್ತು. ಮುಂದೆ ಹೇಳು."

"ದಡ್ಡ ಅಲ್ಲ, ದದ್ದ! ದದ್ದ ಬೂಗು ಕಟ್ಟಿದೆ!"

ಅವಳು ನಗು ತಡೆಯಲಾರದೆ ಫ್ರಿಜ್ಜಿಗೆ ಒರಗಿ ನಿಂತಳು. "ಅಷ್ಟೇ ತಾನೇ? ಓಡೆಗಾರ್ಡ್ ಮೇಡಂಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸು."

ಮುಂದಕ್ಕೆ ಹಾಕುವುದೇ! ಹಬ್ಬ ಬರುವ ವಾರವೇ. ಈ ಮೂಗು ಕೈಕೊಟ್ಟಿತು ಅಂತ ಗೊತ್ತಾದರೆ ನನ್ನ ಅಂಕಣದ ಗತಿಯೇನು? ಜನ ಮೂಗು ಮುರಿಯುವುದಿಲ್ಲವೇ? ಆಗ ನನಗೊಂದು ದಿವ್ಯ ಉಪಾಯ ಹೊಳೆಯಿತು.

ನೊರೀನ್‌ಗೆ ಬಿಯರ್ ಕಂಡರಾಗದು. ಆದರೆ ಅವಳ ಮೂಗು! ದಂತವೈದ್ಯರ ಬಳಿ ಹಲ್ಲು ಸ್ವಚ್ಛ ಮಾಡುವ ಕೆಲಸ ಅವಳದು. ಜನ ಬಾಯಿ ತೆರೆದರೆ ಸಾಕು, ನಿನ್ನೆ ರಾತ್ರಿ ಏನು ತಿಂದರು, ಯಾರಿಗೆ ಸುಳ್ಳು ಹೇಳಿ ಎಲ್ಲಿ ತಿಂದರು, ಎಲ್ಲ ಹೇಳಿಬಿಡುತ್ತಾಳೆ. ಅವಳು ಅಡುಗೆಮನೆಯಲ್ಲಿ ಒಂದು ಗುಟುಕು ಕುಡಿದು ನೋಡಿ, ನನ್ನ ಪಕ್ಕ ಬಂದು ಕೂತು, ಮೇಜಿನ ಕೆಳಗೆ ನನ್ನ ಕಾಲಿಗೆ ಒದೆಯುವುದು. ಒಂದು ಒದೆತ ಎಂದರೆ ಪೈನ್ ಮರದ ಅಂಟಿನ ಘಮ. ಎರಡು ಚಕ್ಕೋತ. ಮೂರು ಮಾವು. ನಾಲ್ಕು ಹಸಿ ಹುಲ್ಲು.

"ಗರಾಜು ಖಾಲಿ ಆಗುತ್ತಾ?" ಎಂದಳು.

"ಆಗುತ್ತೆ," ಎಂದೆ, ಎದೆಯ ಮೇಲೆ ಕಲ್ಲಿಟ್ಟುಕೊಂಡು.

"ಹಾಗಾದರೆ ಒದೀತೀನಿ. ಇಷ್ಟು ವರ್ಷದಲ್ಲಿ ನೀನಾಗೇ ಕೇಳಿದ್ದು ಇದೇ ಮೊದಲು!"

ಮಧ್ಯಾಹ್ನ ಮಿಸೆಸ್ ಓಡೆಗಾರ್ಡ್, ಎಫ್ರೇನ್, ಟ್ರೂಡಿ ಮೂವರೂ ಬಂದರು. ಮೂವರಲ್ಲ, ನಾಲ್ವರು. ಎಫ್ರೇನ್ ತನ್ನ ನಾಯಿ ಟ್ಯಾಂಕನ್ನೂ ಕರೆತಂದಿದ್ದ. ಹೆಸರಿಗೆ ತಕ್ಕ ದೇಹ. ಅದು ನೆಟ್ಟಗೆ ಮೇಜಿನ ಕೆಳಗೆ ನುಗ್ಗಿ ಮಲಗಿತು. ನಾನು ಗುಟ್ಟು ರಟ್ಟಾಗದಂತೆ ಮ, ನ ಎರಡೂ ಅಕ್ಷರ ಇಲ್ಲದ ಮಾತುಗಳನ್ನೇ ಹುಡುಕಿ ಹುಡುಕಿ ಆಡಿದೆ. "ಬರಬೇಕು, ಎಲ್ಲರೂ ಒಳಗೆ ಬರಬೇಕು!"

"ಏನೋ ಬಹಳ ಮರ್ಯಾದೆ ಕೊಡ್ತಿದ್ದಾನೆ ಇವತ್ತು," ಎಂದಳು ಟ್ರೂಡಿ ಅನುಮಾನದಿಂದ.

ಮೊದಲ ಗ್ಲಾಸು ಬಂತು. ನಾನು ಋಷಿಯಂತೆ ಕಣ್ಣು ಮುಚ್ಚಿ ಮೂಸುವ ನಾಟಕ ಮಾಡಿದೆ. ಕಾಲಿಗೆ ಎರಡು ಒದೆತ.

"ಚಕ್ಕೋತ!" ಎಂದು ಘೋಷಿಸಿದೆ.

ಎಫ್ರೇನ್ ಕುರ್ಚಿಯಲ್ಲಿ ಕುಣಿದ. "ಅಬ್ಬಾ! ಕರೆಕ್ಟಾಗಿ ಹಿಡಿದ ನೋಡು!"

ಎರಡನೆಯದಕ್ಕೆ ಮೂರು ಒದೆತ. ಉತ್ಸಾಹದಲ್ಲಿ ಎಚ್ಚರ ತಪ್ಪಿದೆ. "ಬಾವು! ಒಳ್ಳೇ ಬಾವು!"

"ಬಾವಾ?" ಟ್ರೂಡಿ ಮುಂದಕ್ಕೆ ಬಾಗಿದಳು. "ನನ್ನ ಬಿಯರ್ ಕುಡಿದು ಬಾವು ಬಂತಾ? ಎಲ್ಲಿ?"

"ವಸಡಲ್ಲಿ," ಎಂದಳು ನೊರೀನ್, ಮುಖದ ಒಂದು ಗೆರೆಯೂ ಅಲುಗದಂತೆ. "ಬೆಳಗ್ಗೆಯಿಂದ ಸ್ವಲ್ಪ ಊದಿದೆ. ಅದಕ್ಕೇ ಮಾತು ಹಾಗೆ ಬರ್ತಿದೆ. ಬಿಯರಲ್ಲಿ ಮಾವಿನ ಹಣ್ಣಿನ ಘಮ ಅಂದಿದ್ದು ಅವನು."

ಎಂಥ ಹೆಂಡತಿ! ಮನಸ್ಸಿನಲ್ಲೇ ಅವಳಿಗೆ ಐವತ್ತಕ್ಕೆ ಐವತ್ತು ಕೊಟ್ಟೆ.

ಮೂರನೆಯ ಗ್ಲಾಸು ಇಟ್ಟಳು. ನಾನು ಕಣ್ಣು ಮುಚ್ಚಿದೆ. ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡದ್ದು ಕೇಳಿಸಿತು, ಆದರೆ ಸಮಾಧಿ ಸ್ಥಿತಿಯಲ್ಲಿದ್ದವನಿಗೆ ಫೋನಿನ ಗೊಡವೆ ಏಕೆ? ಕಾಲಿಗೆ ಒದೆತ ಬಿತ್ತು. ಒಂದು.

"ಪೈ... ಪೈದ್ ಬರದ ಅಂಟು!"

ಇನ್ನೊಂದು. "ಅದರ ಹಿಂದೆಯೇ ಚಕ್ಕೋತ!" ಮತ್ತೊಂದು. "ಜೊತೆಗೆ ಬಾವು!" ಮಗದೊಂದು. "ಹಸಿ ಹುಲ್ಲು!" ಒದೆತ ನಿಲ್ಲಲೊಲ್ಲದು! ಐದು, ಆರು, ಏಳು! ಒಪ್ಪಂದದಲ್ಲಿದ್ದ ಘಮಗಳೆಲ್ಲ ಮುಗಿದುಹೋದವು. ಬೆವರು ಕಿತ್ತುಕೊಂಡಿತು. ಕೈಗೆ ಸಿಕ್ಕಿದ್ದನ್ನು ಒದರಿದೆ. "ಸೌತೇಕಾಯಿ! ಚರ್ಚಿದ ಬೆಂಚು! ಹೊಸಾ ಟೈರು!"

"ಟೈರಾ?" ಎಂದಳು ಟ್ರೂಡಿ. ಅವಳ ಮುಖ ಟೊಮೇಟೊ ಆದದ್ದು ಕಣ್ಣು ಮುಚ್ಚಿದ್ದರೂ ದನಿಯಲ್ಲೇ ಗೊತ್ತಾಯಿತು.

ಆಗ ಮಿಸೆಸ್ ಓಡೆಗಾರ್ಡ್ ಮೂಗರಳಿಸಿ ಕೇಳಿದರು. "ಆರ್ಲೊ, ನಿನಗೇನಾದರೂ ವಾಸನೆ ಬರ್ತಿದೆಯಾ?"

ಕಣ್ಣು ಮುಚ್ಚಿಕೊಂಡೇ ಆನಂದದಿಂದ ಹೇಳಿದೆ. "ಬರ್ತಿದೆ, ಬರ್ತಿದೆ! ಆಹಾ, ಈಗ ಶುದ್ಧ ಚಕ್ಕೋತ!"

ಕಿಟಾರನೆ ಹೊಗೆಯ ಅಲಾರಂ ಕಿರುಚಿತು. ಕಣ್ಣು ಬಿಟ್ಟೆ. ಕೋಣೆಯ ತುಂಬ ಕರಿ ಹೊಗೆ! ಬಿಯರಿನ ಜೊತೆ ತಿನ್ನಲೆಂದು ಓವನ್ನಿನಲ್ಲಿ ಬಿಸಿಗಿಟ್ಟಿದ್ದ ಪ್ರೆಟ್ಜೆಲ್ ಎಂಬ ಉಪ್ಪು ಬ್ರೆಡ್ಡಿನ ಸುರುಳಿಗಳು ಇದ್ದಿಲಾಗಿದ್ದವು. ಅಡುಗೆಮನೆಯ ಹಿಂದಿನ ಅಂಗಳದಿಂದ ಫೋನು ಹಿಡಿದ ನೊರೀನ್, "ಅಕ್ಕಾ, ಆಮೇಲೆ ಮಾಡ್ತೀನಿ!" ಎನ್ನುತ್ತ ಒಳಗೆ ಓಡಿ ಬರುತ್ತಿದ್ದಳು. ಇವಳು ಅಲ್ಲಿದ್ದರೆ ಇಷ್ಟು ಹೊತ್ತು ಇಲ್ಲಿ ಒದ್ದವರು ಯಾರು?

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಎಫ್ರೇನ್ ಗುಟ್ಟಾಗಿ ಚೀಸಿನ ತುಂಡು ತಿನ್ನಿಸುತ್ತಿದ್ದ. ಟ್ಯಾಂಕ್ ಕೃತಜ್ಞತೆಯಿಂದ ನನ್ನ ಮೊಣಕಾಲಿಗೆ ಬಾಲ ಬಡಿಯುತ್ತಿತ್ತು!

ಕಿಟಕಿ ತೆರೆದೆವು. ಟವೆಲ್ ಬೀಸಿ ಅಲಾರಂ ಬಾಯಿ ಮುಚ್ಚಿಸಿದೆವು. ಹೊಗೆಗೆ ನನಗೆ ಕೆಮ್ಮು ಹತ್ತಿತು. ನೊರೀನ್ ನಾಲ್ಕನೆಯ ಗ್ಲಾಸು ತಂದಿಟ್ಟು ನನ್ನ ಬೆನ್ನು ತಟ್ಟಿದಳು. ಹೋದ ಮಾನವನ್ನು ಈ ಗ್ಲಾಸಿನಲ್ಲಾದರೂ ಹಿಂದಕ್ಕೆ ಪಡೆಯಬೇಕು! ಕಣ್ಣು ಮುಚ್ಚಿ, ಕೈ ಚಾಚಿ, ಗ್ಲಾಸೆತ್ತಿ ಒಂದೇ ಉಸಿರಿಗೆ ಅರ್ಧ ಇಳಿಸಿದೆ. ಒದೆತಕ್ಕೂ ಕಾಯಲಿಲ್ಲ.

"ಅದ್ಭುತ!" ಎಂದೆ. "ಹುಳಿ, ಸಿಹಿ, ಕೊಟ್ಟಕೊದೆಗೆ ಗಂಟಲಿಗೆ ಒಂದು ಖಾರ! ಇದು ಬಿಯರುಗಳ ಚಕ್ರವರ್ತಿ! ಐವತ್ತಕ್ಕೆ ದಲವತ್ತೊಬ್ಬತ್ತು!"

ಮಿಸೆಸ್ ಓಡೆಗಾರ್ಡ್ ನಿಧಾನವಾಗಿ ಕೇಳಿದರು. "ಒಂದು ಅಂಕ ಯಾಕೆ ಕಳೆದೆ?"

"ದೊರೆ ಇಲ್ಲ."

"ಯಾವ ದೊರೆ?"

"ಬಿಯರಿದ ಬೇಲೆ ದೊರೆ! ಬಿಳೀ ದೊರೆ!"

"ಆರ್ಲೊ," ಎಂದಳು ನೊರೀನ್ ಮೆಲ್ಲಗೆ, "ಕಣ್ಣು ಬಿಡು. ನಾಲ್ಕನೇ ಬಿಯರ್ ಇನ್ನೂ ಇಲ್ಲೇ ಇದೆ. ನೀನು ಕುಡಿದಿದ್ದು ಕೆಮ್ಮಿಗೆ ಅಂತ ಅದರ ಪಕ್ಕ ಇಟ್ಟ ತಣ್ಣನೆ ಶುಂಠಿ ಟೀ."

ಮಿಸೆಸ್ ಓಡೆಗಾರ್ಡ್ ಎದ್ದರು. ಕನ್ನಡಕ ಸರಿಮಾಡಿಕೊಂಡು ನನ್ನ ಮುಂದೆ ನಿಂತರು. "ನನ್ನ ಹೆಸರು ಹೇಳು."

ಐವತ್ತೆರಡು ವರ್ಷದ ನಾನು ಎದ್ದು ನಿಂತು ಕೈ ಕಟ್ಟಿಕೊಂಡೆ. "ಬಿಸೆಸ್ ಓಡೆಗಾರ್ಡ್."

"ಯಾವಾಗಿನಿಂದ ನೆಗಡಿ?"

"ಬೆಳಗ್ಗೆಯಿಂದ, ಬೇಡಂ."

ಎಲ್ಲ ಒಪ್ಪಿಕೊಂಡೆ. ಒದೆತದ ಒಪ್ಪಂದವನ್ನೂ ಬಿಡಲಿಲ್ಲ. ಎಫ್ರೇನ್ ನಗುತ್ತ ನೆಲಕ್ಕೆ ಜಾರಿ ನಾಯಿಯ ಪಕ್ಕ ಕೂತ. ಆದರೆ ಟ್ರೂಡಿ ನಗಲಿಲ್ಲ.

"ನಗು ಬರಲ್ಲ ನನಗೆ," ಎಂದಳು. "ಆ ಡೇರೆ ಸಿಕ್ಕರೆ ನನ್ನ ಬಿಯರಿನ ಹೆಸರು ನಾಲ್ಕೂರಿಗೆ ಗೊತ್ತಾಗುತ್ತೆ. ಎರಡು ವರ್ಷದಿಂದ ಕಾದಿದ್ದೀನಿ ಆರ್ಲೊ. ನೀನು ನಾಯಿ ಬಾಲ ಎಣಿಸ್ತಾ ಕೂತಿದ್ದೀಯ!"

ಅಷ್ಟು ಹೊತ್ತೂ ಬರದಿದ್ದ ನಾಚಿಕೆ ಆಗ ಬಂತು. ನಿಜವಾಗಿ ಬಂತು. ನನ್ನ ಮೂಗಿನ ಮರ್ಯಾದೆ ಕಾಯಲು ಹೋಗಿ ಅವಳ ಎರಡು ವರ್ಷವನ್ನು ಮರೆತಿದ್ದೆ. ತಲೆ ತಗ್ಗಿಸಿ, "ತಪ್ಪಾಯ್ತು ಟ್ರೂಡಿ," ಎಂದೆ.

ಮಿಸೆಸ್ ಓಡೆಗಾರ್ಡ್ ತಿರುಗಿದರು. "ನೊರೀನ್, ಚಕ್ಕೋತ, ಮಾವು ಅಂತ ಕಂಡುಹಿಡಿದಿದ್ದು ನೀನಲ್ವಾ? ಬಾ, ಈ ಕುರ್ಚಿಯಲ್ಲಿ ಕೂತ್ಕೊ. ಆರ್ಲೊ, ನೀನು ಗ್ಲಾಸು ತೊಳಿ."

"ಅಯ್ಯೋ, ನನಗೆ ಬಿಯರೇ ಇಷ್ಟ ಇಲ್ಲ ಮೇಡಂ!"

"ಒಳ್ಳೇದಾಯ್ತು. ಪಕ್ಷಪಾತ ಇರಲ್ಲ."

ಈ ಸಲ ಮಿಸೆಸ್ ಓಡೆಗಾರ್ಡ್ ತಾವೇ ಕ್ರಮ ಬದಲಿಸಿ ಬಿಯರ್ ಸುರಿದು ತಂದರು. ನೊರೀನ್ ಒಂದೊಂದನ್ನೂ ಮೂಸಿದಳು, ಒಂದೊಂದು ಗುಟುಕು ಕುಡಿದಳು. ಒಂದು ಗ್ಲಾಸನ್ನು ಮತ್ತೆ ಮತ್ತೆ ಮೂಸಿ, "ಇದು ಯಾರದ್ದು ಅಂತ ಗೊತ್ತಿಲ್ಲ. ಘಮ ಚೆನ್ನಾಗಿದೆ, ಹಿಂದೆ ಮಾತ್ರ ಹಳೇ ಬೆಣ್ಣೆ ವಾಸನೆ. ಬಿಯರ್ ನಲ್ಲಿಯ ಪೈಪು ತೊಳೆದು ತುಂಬಾ ದಿನ ಆಗಿರಬೇಕು," ಎಂದಳು.

ನೆಲದ ಮೇಲೆ ಕೂತಿದ್ದ ಎಫ್ರೇನ್ ತಲೆ ಕೆರೆದುಕೊಂಡ. "ನಂದೇ. ನಾಳೆ ತೊಳೀತೀನಿ."

"ನಾಳೆ ಅಂತಲೇ ಎಲ್ಲರೂ ಹೇಳೋದು," ಎಂದಳು ನೊರೀನ್, ಹಲ್ಲಿನ ಆಸ್ಪತ್ರೆಯ ದನಿಯಲ್ಲಿ.

ಕೊನೆಗೆ ಅವಳು ಆರಿಸಿದ ಗ್ಲಾಸು ಟ್ರೂಡಿಯದು. ನಾನು ಟೈರು ಎಂದಿದ್ದ ಅದೇ ಬಿಯರು! ಟ್ರೂಡಿ ಕಿರುಚಿ ನೊರೀನ್‌ಳನ್ನು ಅಪ್ಪಿಕೊಂಡಳು. ಎಫ್ರೇನ್ ಎದ್ದು ಬಂದು ಟ್ರೂಡಿಯ ಕೈ ಕುಲುಕಿದ. ಹಬ್ಬದ ಡೇರೆಯಲ್ಲಿ ಅವಳ ಪೀಪಾಯಿಗಳು ಎರಡನೆಯ ದಿನವೇ ಬರಿದಾದವು. ನಾನು ಅಂಕಣದಲ್ಲಿ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದೆ. ಈವರೆಗೆ ಓದದವರೂ ಅವತ್ತು ಕೊಂಡು ಓದಿದರು. ಗರಾಜು ಖಾಲಿಯಾಯಿತು, ಕಾರು ಒಳಗೆ ಬಂತು.

ನವೆಂಬರಿನಲ್ಲಿ ಒಂದು ದಿನ ಮಿಸೆಸ್ ಓಡೆಗಾರ್ಡ್ ಫೋನು ಮಾಡಿದರು. ನನ್ನ ಮೂಗು ಆಗ ಬಂದೂಕಿನ ನಳಿಕೆಯಷ್ಟು ಸಲೀಸಾಗಿತ್ತು.

"ಆರ್ಲೊ, ಮುಂದಿನ ವರ್ಷ ಹಬ್ಬ ಇನ್ನೂ ದೊಡ್ಡದು. ಅಕ್ಕಪಕ್ಕದ ಊರುಗಳ ಕಾರ್ಖಾನೆಗಳೆಲ್ಲ ಬರ್ತಿವೆ. ತೀರ್ಪು ಫೈರ್ ಸ್ಟೇಷನ್ ಹಾಲ್‌ನಲ್ಲಿ. ಮತ್ತೆ ನಿಮ್ಮ ಮನೆಯವರೇ ಬೇಕು ಅಂತ ಸಮಿತಿ ಒಮ್ಮತದಿಂದ ತೀರ್ಮಾನ ಮಾಡಿದೆ."

ಎಂಥ ದೊಡ್ಡ ಮನಸ್ಸಿನ ಊರು! "ಮೇಡಂ, ನಿಮ್ಮ ನಂಬಿಕೆಯನ್ನು ಈ ಸಲ ಖಂಡಿತ ಉಳಿಸಿಕೊಳ್ತೇನೆ. ನಾನು ಸಿದ್ಧ!"

"ತೀರ್ಪುಗಾರಳು ನೊರೀನ್," ಎಂದರು ಅವರು. "ಆದರೆ ನಿನ್ನನ್ನೂ ಬಿಟ್ಟಿಲ್ಲ. ಬಹಳ ಜವಾಬ್ದಾರಿ ಕೆಲಸ."

"ಹೇಳಿ ಮೇಡಂ!"

"ಅಷ್ಟೊಂದು ಬಿಯರ್ ರುಚಿ ನೋಡಿದ ಮೇಲೆ ಅವಳು ಕಾರು ಓಡಿಸೋ ಹಾಗಿಲ್ಲ. ಬೆಳಗ್ಗೆಯಿಂದ ಸಂಜೆವರೆಗೂ ಒಂದು ಹನಿ ಮುಟ್ಟದೆ ಕಾದಿದ್ದು ಅವಳನ್ನ ಮನೆಗೆ ಕರ್ಕೊಂಡು ಹೋಗೋಕೆ ಒಬ್ಬ ಡ್ರೈವರ್ ಬೇಕು."