ಹೆಸರು ಹಿಡಿದು ಕೂಗುತ್ತಿದ್ದ ಫೋನು

ಫೋನು ಸತ್ತರೆ ಯಾರಾದರೂ ಸೂತಕ ಹಿಡಿಯುತ್ತಾರೆಯೇ? ನಮ್ಮ ಕಾಕಾ ಹಿಡಿದಿದ್ದರು! ಸಂಗೊಳ್ಳಿಯ ಅವರ ಮನೆಯಲ್ಲಿ ಹಳೆಯ ಫೋನು ದನ ನೀರು ಕುಡಿಯುವ ಬಾನಿಗೆ ಬಿದ್ದು ತೀರಿಕೊಂಡಿತು. ಕಟಕೋಳಕ್ಕೆ ಕೊಟ್ಟ ಮಗಳು ಓಡಿ ಬಂದು ಬೇರೆ ಕಂಪನಿಯ ಹೊಸ ಫೋನು ಕೊಡಿಸಿದಳು. ಅದರ ಬೆನ್ನಿಗೆ ಮೂರು ಕ್ಯಾಮೆರಾ! ಬೇರೆಯವರಾಗಿದ್ದರೆ ಊರಿಗೆಲ್ಲ ತೋರಿಸುತ್ತ ತಿರುಗುತ್ತಿದ್ದರು. ಕಾಕಾ ಮಾತ್ರ ಕರೆಯದೆ ಬಂದ ನೆಂಟನನ್ನು ನೋಡುವಂತೆ ಅದನ್ನು ನೋಡಿದರು.

ಹಳೆಯದರಲ್ಲಿ ಅಂಥದ್ದೇನಿತ್ತು ಎನ್ನುತ್ತೀರಾ? ಕರೆ ಬಂದರೆ ಅದರೊಳಗಿನ ಹೆಣ್ಣುಮಗಳು ಮಾಡಿದವರ ಹೆಸರು ಹಿಡಿದು ಡಂಗುರ ಸಾರುತ್ತಿದ್ದಳು. ಅದರಲ್ಲಿ ತಪ್ಪೇನಿಲ್ಲ. ತಪ್ಪಿದ್ದದ್ದು ಹೆಸರುಗಳಲ್ಲಿ! ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಬಸಪ್ಪ ಇರುತ್ತಾರೆ. ಗುರುತಿಗೆಂದು ಪ್ರತಿಯೊಬ್ಬನಿಗೂ ಒಂದು ಅಡ್ಡಹೆಸರು. ಅದನ್ನು ಬೆನ್ನ ಹಿಂದೆ ಅನ್ನುವುದು ಮರ್ಯಾದಸ್ಥರ ರೂಢಿ. ಕಾಕಾ ಅವನ್ನೇ ಫೋನಿನಲ್ಲಿ ಹಾಕಿಕೊಂಡಿದ್ದರು. ಪಂಪು ರಿಪೇರಿ ಮಾಡುವ ಬಸಪ್ಪ ಕರೆದ ದಿನ ಎಂದೂ ಬಂದವನಲ್ಲ, ಹೀಗಾಗಿ ಅವನು ‘ನಾಳಿ ಬರತೇನಿ’. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಲ್ಲುವ ದೂರದ ಸಂಬಂಧಿಯೊಬ್ಬ ‘ಊಟಕ್ಕ ಹಾಜರ್’.

ಹಿಂದೊಮ್ಮೆ ಬಸುರಿ ಮಗಳ ಕುಬಸದ ಮಾತುಕತೆಗೆ ಕಟಕೋಳದಿಂದ ಬೀಗರು, ಮೂವರು ಅಣ್ಣತಮ್ಮಂದಿರು, ಬಂದು ಕುಳಿತಿದ್ದರು. ಅವರಲ್ಲೊಬ್ಬರ ಜೇಬಿನಲ್ಲಿದ್ದ ಫೋನು ಒತ್ತಿಕೊಂಡು ಕಾಕಾನಿಗೇ ಕರೆ ಹೋಯಿತು. ಗೋಡೆಯ ಮಾಡದಲ್ಲಿದ್ದ ಫೋನು ಕೂಗಿತು: “ಕಟಕೋಳ ಕಂಜೂಸ್! ಕಟಕೋಳ ಕಂಜೂಸ್!” ಇನ್ನೇನು ಜಗಳವಾಯಿತು ಎಂದು ನಾನು ಚಪ್ಪಲಿ ಹುಡುಕತೊಡಗಿದೆ. ಏನೂ ಆಗಲಿಲ್ಲ. ಮೂವರಲ್ಲಿ ಪ್ರತಿಯೊಬ್ಬರೂ ಉಳಿದಿಬ್ಬರ ಮುಖ ನೋಡಿ ಮೀಸೆಯಲ್ಲೇ ನಕ್ಕರು.

ಯರಗಟ್ಟಿಯ ಸಾವಿನ ಮನೆಯದು ಇನ್ನೂ ಘನವಾದ ಕಥೆ. ಮಾತಾಡಿಸಲು ಹೋದವರೆಲ್ಲ ತಲೆ ತಗ್ಗಿಸಿ ಕುಳಿತಿದ್ದೆವು. ಕಾಕಾನ ಜೇಬಿನಿಂದ ದನಿ ಬಂತು: “ಊಟಕ್ಕ ಹಾಜರ್! ಊಟಕ್ಕ ಹಾಜರ್!” ಸತ್ತವರ ಹಿರಿಯ ಮಗ ಕಣ್ಣೊರೆಸಿಕೊಂಡು, “ಅಡಗಿ ಇನ್ನೂ ಆಗಿಲ್ರಿ, ಸ್ವಲ್ಪ ತಡೀರಿ” ಎಂದ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಬಾಯಿಗೆ ಸೆರಗು ಒತ್ತಿಕೊಂಡು ಮೈಯೆಲ್ಲ ಅಲುಗುವಂತೆ ನಕ್ಕಳು. ಪಕ್ಕದ ಹೆಂಗಸರು ಅದನ್ನು ಅಳುವೆಂದು ತಿಳಿದು ಬೆನ್ನು ಸವರಿ ಸಮಾಧಾನ ಮಾಡಿದರು.

ಹೊಸ ಫೋನಿಗೆ ಈ ಗುಣ ಇರಲಿಲ್ಲ. ಟಿಣಿಟಿಣಿ ಎಂದು ಎಲ್ಲರಿಗೂ ಒಂದೇ ರಾಗ. ಕಾಕಾ ಬೈಲಹೊಂಗಲಕ್ಕೆ ಬಂದು, ಅಲ್ಲಿಯೇ ಸಾಲಿ ಮಾಸ್ತರನಾಗಿರುವ ನನ್ನನ್ನೂ ಎಳೆದುಕೊಂಡು ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯ ದಾದಾಪೀರ ಒಳ್ಳೆಯ ಮನುಷ್ಯ, ಹೊಸ ಫೋನಿನ ಗುಣಗಾನಕ್ಕೆ ನಿಂತ. ಇದರಲ್ಲಿ ಚಂದ್ರನ ಫೋಟೋ ಕೂಡ ಹತ್ತಿರ ಬರುತ್ತದೆ ಎಂದ.

“ಚಂದ್ರ ನಮ್ಮ ಅಂಗಳಕ್ಕ ತಾನ ಬರತಾನ. ಯಾರು ಫೋನ್ ಮಾಡ್ಯಾರಂತ ಇದು ಹೇಳತೈತೇನು, ಅಷ್ಟ ಹೇಳು” ಎಂದರು ಕಾಕಾ.

ದಾದಾಪೀರ ಏನೋ ಒಂದು ಆ್ಯಪ್ ಹಾಕಿಕೊಟ್ಟ. ಅದು ಹೆಸರು ಹೇಳುವ ಮೊದಲು ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಹೇಳುತ್ತಿತ್ತು. ಎಣ್ಣೆ ಹಚ್ಚಿ ಮುಗಿಯುವಷ್ಟರಲ್ಲಿ ಕರೆ ಕಟ್! ಕಾಕಾ ಅದನ್ನು ತೆಗೆಸಿ ಸವದತ್ತಿಯ ಅಂಗಡಿಗೂ ಹೋಗಿ ಬಂದರು. ಅಲ್ಲಿಯೂ ಆಗಲಿಲ್ಲ. ಹೊಲಕ್ಕೆ ಹೋಗುವಾಗ ಫೋನನ್ನು ಅಡಿಗೆಮನೆಯ ಮಾಡದಲ್ಲಿ ಬಿಟ್ಟು ಹೋಗುವ ಮನುಷ್ಯನಿಗೆ ಅದು ಕೂಗಿದರೇನು, ಬಿಟ್ಟರೇನು? ನನಗೆ ನಗು ತಡೆಯಲಾಗಲಿಲ್ಲ. “ಕಾಕಾ, ಹೆಸರು ಮ್ಯಾಲೇ ಬರತೈತಲ್ರಿ. ಚಾಳೀಸ ಹಾಕ್ಕೊಂಡು ಓದ್ರಿ” ಎಂದೆ.

“ನಾ ಓದತೇನಿ, ತಮ್ಮಾ” ಎಂದರು. ಇಡೀ ವಾರ ಸಾಲಿಯಲ್ಲಿ ಸಹೋದ್ಯೋಗಿಗಳಿಗೆ ಕಾಕಾನ ಕಥೆ ಹೇಳಿ ನಗಿಸಿದೆ.

ಮುಂದಿನ ರವಿವಾರ ಸಂಗೊಳ್ಳಿಗೆ ಹೋದೆ. ಕಾಕಾ ಹಿತ್ತಲಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು. ಫೋನು ಟಿಣಿಟಿಣಿ ಎಂದಿತು. ಒದ್ದೆ ಕೈಯಲ್ಲೇ ಓಡಿ ಬಂದು, ಮಾಡದತ್ತ ಬಗ್ಗಿ ನೋಡಿ, ಅಲ್ಲೇ ನೆಟ್ಟಗೆ ನಿಂತು, ಥೇಟ್ ಹಳೆಯ ಫೋನಿನ ದನಿಯಲ್ಲಿ ಕೂಗಿದರು: “ನಾಳಿ ಬರತೇನಿ! ನಾಳಿ ಬರತೇನಿ!” ಒಲೆಯ ಮುಂದಿದ್ದ ಚಿಗವ್ವ ನಕ್ಕು, “ನಾಳಿ ಎತ್ತತೇವಿ ಅನ್ರಿ” ಎಂದಳು.

ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡೆ. ಚಿಗವ್ವ ಚಹಾ ತಂದಳು. ಒಂದು ಕೈ ಗೋಡೆಯ ಮೇಲಿತ್ತು. ನನಗೆಂದು ಕಪ್ಪನ್ನು ಚಾಚಿದಳು, ಆದರೆ ನಾನು ಆ ಕಡೆ ಕುಳಿತಿರಲಿಲ್ಲ. ನನ್ನ ನಗು ಅಲ್ಲಿಗೇ ನಿಂತಿತು.

ಕಾಕಾ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು. ಸಕ್ಕರೆ ಕಾಯಿಲೆ ಚಿಗವ್ವನ ಕಣ್ಣಿಗೆ ಇಳಿದಿದೆ. ಮನುಷ್ಯರು ನೆರಳಿನಂತೆ ಕಾಣುತ್ತಾರೆ, ಅಕ್ಷರ ಕಾಣುವುದೇ ಇಲ್ಲ. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಾಳೆ, ಮಗಳಿಗೂ ತಿಳಿಯದು. ಅಡ್ಡಹೆಸರು ಇಟ್ಟವಳೂ ಅವಳೇ.

“ಅದು ಹೆಸರು ಕೂಗಿದ್ರ ಆಕಿ ಒಬ್ಬಾಕಿನ ನಗತಿದ್ಲು. ಯಾರದಂತ ತಿಳದು ಎತ್ತತಿದ್ಲು. ಈಗ ನಾ ಹೊಲದಾಗ ಇದ್ದಾಗ ಫೋನ್ ಬಂದ್ರ ಅಂಜತಾಳ.”

ಜನರ ಬಾಯಲ್ಲಿ ಹುಚ್ಚನಾಗಿ ಆಣೆ ಉಳಿಸಿಕೊಂಡವರನ್ನು ನಾನು ಸಾಲಿಯಲ್ಲಿ ನಗೆಗೆ ಮಾರಿಕೊಂಡು ಬಂದಿದ್ದೆನಲ್ಲ! ಆಗ ಹೊಳೆಯಿತು. ಒಂದೊಂದು ನಂಬರಿಗೆ ಒಂದೊಂದು ರಿಂಗ್‌ಟೋನ್ ಇಡಬಹುದು, ಅದಕ್ಕೆ ನಮ್ಮದೇ ದನಿ ಹಾಕಬಹುದು. ಕಾಕಾನನ್ನು ಕೂರಿಸಿ ಒಂದೊಂದೇ ಹೆಸರು ಕೂಗಿಸಿದೆ. ಚಿಗವ್ವ ಹೇಳಿಕೊಡುವುದು, ಕಾಕಾ ಕೂಗುವುದು. ನನ್ನ ಹೆಸರಿನ ಸರದಿ ಬರುವ ಹೊತ್ತಿಗೆ ಕಾಕಾ ಕೆಲಸ ಕಲಿತಿದ್ದರು, ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದರು. ಒಳಗೆ ಇಬ್ಬರದೂ ನಗು.

ಹೊರಡುವಾಗ ಚಿಗವ್ವ ನನ್ನ ಕೈ ಹುಡುಕಿ ಹಿಡಿದಳು. “ಇನ್ನ ಇವರು ಹೊಲಕ್ಕ ಹೋದ್ರೂ ಮನ್ಯಾಗ ಇದ್ದಾಂಗ ಆತು” ಎಂದಳು.

ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದು ಫೋನು ಮಾಡಿ ನೋಡಿದೆ. ಎತ್ತಿದ ಚಿಗವ್ವನಿಗೆ ನಗುವಿನಲ್ಲಿ ಮಾತೇ ಹೊರಡಲಿಲ್ಲ. ಈಗಲೂ ಹಾಗೆಯೇ. ಕಾಕಾ ನನ್ನನ್ನು ಏನೆಂದು ಕೂಗಿದ್ದಾರೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಕೆಲಸವಿರಲಿ ಬಿಡಲಿ, ದಿನಾಲು ಸಾಲಿ ಬಿಟ್ಟ ಮೇಲೆ ಒಂದು ಫೋನು ಮಾಡುತ್ತೇನೆ.